ಕಪ್ಪುಹಲಗೆಯ ಮೇಲೆ ಕೆರೆ ದಾಟಿದ್ದು

ಮಹಾಲಿಂಗನ ನಡುಮನೆಯಲ್ಲಿ, ಗೋಪಾಲಸ್ವಾಮಿ ಬೆಟ್ಟದ ಕ್ಯಾಲೆಂಡರಿನ ಪಕ್ಕದಲ್ಲಿ, ಒಂದು ಫೋಟೋ ಹನ್ನೆರಡು ವರ್ಷ ತೂಗುತ್ತಿತ್ತು. ಹಿಂದೆ ಸಮುದ್ರ, ಮುಂದೆ ಮರಳು, ಮರಳಿನ ಮೇಲೆ ಮಹಾಲಿಂಗ. ಅವನ ಪಕ್ಕದಲ್ಲಿ ಅವನಿಗಿಂತ ಎರಡು ಗೇಣು ಎತ್ತರದ, ತುದಿ ಚೂಪಾದ ಒಂದು ಬಿಳಿ ಹಲಗೆ. ಬಿಳಿಯರು ಅಲೆಗಳ ಮೇಲೆ ಜಾರುವುದಕ್ಕೆ ಬಳಸುತ್ತಾರಲ್ಲ, ಅದು. ಅದರ ಹೆಗಲ ಮೇಲೆ ಕೈಹಾಕಿ ಅವನು ನಿಂತಿದ್ದ ಠೀವಿ ನೋಡಿದರೆ, ಅರಬ್ಬಿ ಸಮುದ್ರವನ್ನು ಈಗ ತಾನೇ ಒಂದು ಸುತ್ತು ಹಾಕಿ ಬಂದು ದಣಿವಾರಿಸಿಕೊಳ್ಳುತ್ತಿದ್ದಾನೆ ಎಂದು ಯಾರಾದರೂ ತಿಳಿಯಬೇಕು. ತಿಳಿಯಲಿ ಎಂದೇ ಅದನ್ನು ಅಲ್ಲಿ ತೂಗುಹಾಕಿದ್ದು.

ನಿಜ ನನಗೆ ಗೊತ್ತಿತ್ತು. ಎಂಬತ್ತಾರರಲ್ಲಿ ನಮ್ಮ ಕಚೇರಿಯವರೆಲ್ಲ ಕೇರಳದ ಕೋವಳಂಗೆ ಪ್ರವಾಸ ಹೋಗಿದ್ದೆವು. ಅಲ್ಲೊಬ್ಬ ಬಿಳಿಯ ಎಳನೀರು ಕುಡಿಯಲು ಹೊರಟವನು, ಎರಡು ನಿಮಿಷ ಹಿಡಿದುಕೊಂಡಿರಪ್ಪ ಎಂದು ಕೈಸನ್ನೆ ಮಾಡಿ ತನ್ನ ಹಲಗೆಯನ್ನು ಮಹಾಲಿಂಗನ ಕೈಗೆ ಕೊಟ್ಟ. ಆ ಎರಡು ನಿಮಿಷದಲ್ಲಿ ಫೋಟೋ ತೆಗೆದವನು ನಾನು, ರಂಗರಾಜು. ಅವನ ಪಕ್ಕದ ಮೇಜಿನ ಗುಮಾಸ್ತ, ಹಿಂದಿನ ಬೀದಿಯ ನೆರೆಯವ. ಹನ್ನೆರಡು ವರ್ಷ ಬಾಯಿ ಬಿಡಲಿಲ್ಲ. ಸ್ನೇಹ ಅಂದರೆ ಸುಮ್ಮನಲ್ಲ.

ಮಹಾಲಿಂಗ ಸುಳ್ಳು ಹೇಳುತ್ತಿದ್ದ ಎಂದು ಯಾರೂ ಹೇಳುವಂತಿಲ್ಲ. ಮನೆಗೆ ಬಂದವರು, "ಇದ್ರ ಮ್ಯಾಲೆ ಓಗಿದ್ರಾ?" ಎಂದು ಕೇಳಿದರೆ ಅವನು ಹೌದು ಅನ್ನುತ್ತಿರಲಿಲ್ಲ, ಇಲ್ಲ ಅನ್ನುತ್ತಲೂ ಇರಲಿಲ್ಲ. ಕಣ್ಣು ಕಿರಿದು ಮಾಡಿ ದೂರ ನೋಡಿ, "ಅಲೆ ಅಂದ್ರೆ ಅಲೆ ಕಣಪ್ಪ" ಅನ್ನುತ್ತಿದ್ದ. ನಮ್ಮೂರು ತೆರಕಣಾಂಬಿಯಿಂದ ಮೂರು ಮೈಲಿ ಒಳಗೆ. ಅಲೆ ನೋಡಿದವರು ಊರಲ್ಲಿ ನಾವಿಬ್ಬರೇ. ಹಾಗಾಗಿ ಅಷ್ಟು ಮಾತು ಸಾಕಾಗುತ್ತಿತ್ತು.

ತೊಂಬತ್ತೆಂಟರ ಮಾರ್ಚ್ ತಿಂಗಳಲ್ಲಿ ಒಂದು ಸಂಜೆ ಬಿರುಗಾಳಿ ಎದ್ದು ನಮ್ಮೂರ ಶಾಲೆಯ ಹೆಂಚನ್ನೆಲ್ಲ ಹಾರಿಸಿಕೊಂಡು ಹೋಯಿತು. ಒಂದೇ ಕೋಣೆಯ ಶಾಲೆ, ಒಬ್ಬರೇ ಟೀಚರು. ಕುಮಾರಿ ಟೀಚರ್ ಎಂದು ಮೈಸೂರಿನ ಕಡೆಯವರು, ಹೊಸಬರು, ಚುರುಕು. ಜೂನ್ ಒಂದರೊಳಗೆ ಸೂರು ಆಗದಿದ್ದರೆ ಶಾಲೆಯನ್ನು ಮುಚ್ಚಿ ಮಕ್ಕಳನ್ನು ತೆರಕಣಾಂಬಿಗೆ ಸೇರಿಸುತ್ತೇವೆ ಎಂದು ಮೇಲಿನಿಂದ ಕಾಗದ ಬಂತು. ಮೂರು ಮೈಲಿ ನಡೆದು ಹೋಗಿ ಓದುವ ಹೆಣ್ಣುಮಕ್ಕಳು ಎಷ್ಟು ಜನ ಎಂದು ಟೀಚರು ಲೆಕ್ಕ ಹಾಕಿದರು. ಒಬ್ಬಳೂ ಇಲ್ಲ.

ಹೆಂಚು ಮಾರುವವರು ಸಿದ್ದಮಲ್ಲಪ್ಪನವರು. ದೊಡ್ಡ ಮೀಸೆ, ದೊಡ್ಡ ಕೊಡೆ, ದೊಡ್ಡ ಭಕ್ತಿ. ಟೀಚರು ಮೊದಲು ಹೋಗಿದ್ದು ಅವರ ಹತ್ತಿರ.

"ನೋಡವ್ವ," ಎಂದರಂತೆ ಅವರು, "ಸರ್ಕಾರದ ಕಟ್ಟಡಕ್ಕೆ ಸರ್ಕಾರ ಕೊಡ್ಲಿ. ನಾನು ದ್ಯಾವ್ರ ಕೆಲ್ಸಕ್ಕೆ ಬುಟ್ರೆ ಇನ್ಯಾವ್ದುಕ್ಕೂ ಒಂದ್ ಹೆಂಚು ಕೊಡೋನಲ್ಲ."

ಅಲ್ಲಿಂದ ಸಪ್ಪೆ ಮುಖ ಮಾಡಿಕೊಂಡು ಟೀಚರು ಮನೆಮನೆ ಹತ್ತುತ್ತಾ ಮಹಾಲಿಂಗನ ಮನೆಗೆ ಬಂದರು. ನಾನೂ ಅಲ್ಲೇ ಕೂತು ಕಡಲೆಪುರಿ ತಿನ್ನುತ್ತಿದ್ದೆ. ಅವರ ಕಣ್ಣು ಫೋಟೋದ ಮೇಲೆ ಬಿತ್ತು.

"ಸಾರ್! ಮೊನ್ನೆ ತಾನೇ ಪೇಪರ್‌ನಲ್ಲಿ ಓದಿದೆ. ಯಾವುದೋ ದೇಶದಲ್ಲಿ ಐವತ್ತು ವರ್ಷದವರೊಬ್ಬರು ಇಂಥದೇ ಹಲಗೆ ಮೇಲೆ ಬೋರಲು ಮಲಗಿ, ಬರೀ ಕೈಯಲ್ಲಿ ನೀರು ಎಳೆದುಕೊಂಡು ಸಮುದ್ರದಲ್ಲಿ ಹತ್ತು ಮೈಲಿ ಹೋದರಂತೆ. ಜನ ಮೆಚ್ಚಿ ಆಸ್ಪತ್ರೆಗೆ ಸಹಾಯ ಮಾಡಿದರಂತೆ. ನಮ್ಮ ಕೆರೆ ಕಾಲು ಮೈಲಿ ಇರಬಹುದು. ನೀವು ಒಂದು ಸಲ ದಾಟಿದರೆ ಸಾಕು ಸಾರ್, ಸುತ್ತಲ ಊರೆಲ್ಲ ಬರುತ್ತೆ. ಬಂದವರನ್ನ ಹೆಂಚು ಕೇಳೋದು ನನ್ನ ಜವಾಬ್ದಾರಿ."

ಮಹಾಲಿಂಗ ನನ್ನ ಮುಖ ನೋಡಿದ. ನಾನು ಪುರಿಯ ತಟ್ಟೆ ನೋಡಿದೆ. ಅಡುಗೆಮನೆ ಬಾಗಿಲಲ್ಲಿ ಅವನ ಹೆಂಡತಿ ಗುರುಮಲ್ಲಮ್ಮ ಕಾಫಿ ಲೋಟ ಹಿಡಿದು ನಿಂತಿದ್ದರು. ಗಂಡನನ್ನೇ ನೋಡುತ್ತಿದ್ದರು. ಆಗ ಮಹಾಲಿಂಗನ ಬಾಯಿಂದ, ಅವನ ಅನುಮತಿ ಇಲ್ಲದೆ, ಈ ಮಾತು ಬಂತು:

"ಕೆರೆ ತಾನೇ? ಅದೇನ್ ಮಹಾ."

ಟೀಚರು ಕೈಮುಗಿದು ಹೋದರು. ಅವರು ಬೀದಿ ತಿರುಗುವುದರೊಳಗೆ ಮಹಾಲಿಂಗ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದ.

"ರಂಗ, ನಾನು ನೀರಿಗಿಳಿದು ಮೂವತ್ ವರ್ಷ ಆಯ್ತು ಕಣ್ಲಾ. ಅದೂ ಬಾವೀಲಿ. ಏನಾರ ಮಾಡ್ಲಾ."

ಒಂದು ಕೆಲಸ ಆಗಬಾರದು ಎಂದಿದ್ದರೆ ಅದಕ್ಕೆ ಅನುಮತಿ ಕೇಳಿ ಅರ್ಜಿ ಹಾಕಬೇಕು. ಇದು ನಮ್ಮಿಬ್ಬರ ಇಪ್ಪತ್ತೈದು ವರ್ಷದ ಸರ್ಕಾರಿ ಸೇವೆಯ ಒಟ್ಟು ಅನುಭವ. "ಕೆರೆ ದಾಟಕ್ಕೆ ಪರ್ಮಿಷನ್ ಕೇಳ್ಬುಡನ," ಎಂದೆ. "ಯಾರೂ ಕೊಡಕಿಲ್ಲ. ಕೊಡ್ಲಿಲ್ಲ ಅಂತ ಟೀಚರ್ಗೆ ಕಾಗದ ತೋರ್ಸು. ಅಲ್ಲಿಗೆ ಮುಗೀತು." ಮಹಾಲಿಂಗ ನನ್ನ ಎರಡೂ ಕೈ ಹಿಡಿದುಕೊಂಡ.

ಮಾರನೆಯ ದಿನವೇ ರಜೆ ಹಾಕಿ ಚಾಮರಾಜನಗರಕ್ಕೆ ಹೋದೆವು. ಜಿಲ್ಲೆ ಹುಟ್ಟಿ ಇನ್ನೂ ವರ್ಷ ತುಂಬಿರಲಿಲ್ಲ. ನಾವು ಹೋದ ಕಚೇರಿಯಲ್ಲಿ ಮೇಜಿಗೆ ಬಳಿದ ಬಣ್ಣ ಅಂಗಿಗೆ ಅಂಟುತ್ತಿತ್ತು, ಅರ್ಧ ಕಡತಗಳು ಇನ್ನೂ ಮೈಸೂರಿನಲ್ಲೇ ಇದ್ದವು. ಅಲ್ಲಿಯ ಗುಮಾಸ್ತರು ನಮ್ಮ ಮಾತು ಕೇಳಿ, ಬೇಡ ಅನ್ನುವುದರ ಬದಲು, ಮುಖ ಅರಳಿಸಿಕೊಂಡು ಎದ್ದು ನಿಂತರು.

"ಬನ್ನಿ ಬನ್ನಿ. ಕೆರೆ ಬಳಕೆ ನಮೂನೆ ಅಚ್ಚಾಗಿ ಬಂದು ಐದು ತಿಂಗ್ಳಾಯ್ತು. ಒಬ್ರಾದ್ರೂ ಕೇಳಿದ್ರೆ ಕೇಳಿ. ನಿಮ್ಮಿಂದ್ಲೇ ಓಪನಿಂಗ್ ಮಾಡಿಬುಡನ. ಮೂರು ಬಗೆ ಅವೆ. ಮೀನು ಹಿಡಿಯೋದು, ಹೂಳು ತೆಗೆಯೋದು, ವಿಗ್ರಹ ವಿಸರ್ಜನೆ. ನಿಮ್ದು ಯಾವ್ದು?"

"ಮೂರೂ ಅಲ್ಲ," ಎಂದು ಮಹಾಲಿಂಗ ಆಸೆಯಿಂದ ಹೇಳಿದ.

"ಅಲ್ಲ ಅನ್ನಂಗಿಲ್ಲ. ಮೂರ್ರಲ್ಲಿ ಒಂದು ಆಗ್ಲೇಬೇಕು. ನೀವು ಮೀನು ಹಿಡೀತೀರಾ? ಇಲ್ಲ. ಹೂಳು? ಇಲ್ಲ. ಹಂಗಾದ್ರೆ ಉಳಿದದ್ದು ಒಂದೇ." ಅವರು ಪೆನ್ನಿನ ಮುಚ್ಚಳ ತೆಗೆದರು. "ವಿಗ್ರಹದ ತೂಕ?"

"ಎಂಬತ್ತೆರಡು ಕೆಜಿ," ಎಂದೆ ನಾನು. ಸರ್ಕಾರಿ ನಮೂನೆಯಲ್ಲಿ ಖಾಲಿ ಜಾಗ ಕಂಡರೆ ನನ್ನ ಮನಸ್ಸು ತಡೆಯುವುದಿಲ್ಲ.

"ಯಾವ ವಸ್ತುವಿನಿಂದ ಮಾಡಿದ್ದು?"

ಗುಮಾಸ್ತರೂ ನಾನೂ ಮಹಾಲಿಂಗನ ಮೈಯನ್ನು ನೋಡಿದೆವು. "ಜೇಡಿಮಣ್ಣು ಅಂತ ಬರ್ಕಳಿ," ಎಂದ ಅವನು ಸೋತ ದನಿಯಲ್ಲಿ. ಅರ್ಜಿ ಹೋಯಿತು. ಮೊದಲು ಮೈಸೂರಿಗೆ ಹೋಯಿತು, ಅಲ್ಲಿಂದ ಯಾಕೆ ಬಂತು ಎಂದು ವಾಪಸು ಬಂತು, ಮತ್ತೆ ಹೋಯಿತು. ನಾವು ನೆಮ್ಮದಿಯಾಗಿದ್ದೆವು.

ಆದರೆ ಟೀಚರು ನೆಮ್ಮದಿಯಾಗಿರಲಿಲ್ಲ. ಎದುರು ಸಿಕ್ಕಾಗಲೆಲ್ಲ, "ಪ್ರಾಕ್ಟೀಸ್ ಎಲ್ಲಿಗೆ ಬಂತು ಸಾರ್?" ಎನ್ನುತ್ತಿದ್ದರು. ಮರ್ಯಾದೆಗಾಗಿ ಏನಾದರೂ ಮಾಡಲೇಬೇಕಾಗಿತ್ತು. ಮಹಾಲಿಂಗ ಬೆಳಗ್ಗೆ ಐದೂವರೆಗೆದ್ದು ನಡುಮನೆಯ ಬೆಂಚಿನ ಮೇಲೆ ಬೋರಲು ಮಲಗಿ, ಎಡಕ್ಕೊಂದು ಬಲಕ್ಕೊಂದು ಬಕೆಟ್ ನೀರಿಟ್ಟುಕೊಂಡು, ಕೈ ಮುಂದೆ ಚಾಚುವುದು, ನೀರು ಎಳೆಯುವುದು, ಮತ್ತೆ ಚಾಚುವುದು ಶುರು ಮಾಡಿದ. ಗುರುಮಲ್ಲಮ್ಮ ಒಂದು ಮಾತೂ ಕೇಳದೆ ಬೆಂಚಿನ ಕೆಳಗೆ ಗುಡಿಸಿಕೊಂಡು ಹೋಗುತ್ತಿದ್ದರು. ಮೊದಲ ವಾರ ಅವನಿಗೆ ಬಾಚಣಿಗೆ ಎತ್ತುವುದಕ್ಕೂ ಆಗಲಿಲ್ಲ. ನಾನೇ ಬಸ್ಸಿನಲ್ಲಿ ಅವನ ತಲೆ ಬಾಚುತ್ತಿದ್ದೆ.

ಹೀಗಿರುವಾಗ ಪಕ್ಕದ ಮನೆಯ ರಾಚಮ್ಮನವರು ಹಾಲಿಗೆ ಹೆಪ್ಪು ಕೇಳಲು ಒಂದು ಮುಂಜಾನೆ ಬಂದು ಕಿಟಕಿಯಲ್ಲಿ ಇಣುಕಿದರು. ಅವರು ಕಂಡದ್ದು ಇಷ್ಟು: ಗೋಡೆಯ ಮೇಲೆ ಗೋಪಾಲಸ್ವಾಮಿ. ಎದುರಿಗೆ ಮಹಾಲಿಂಗ, ಉದ್ದಕ್ಕೆ ಬೋರಲು ಬಿದ್ದು, ಎರಡೂ ಕೈ ತಲೆಯ ಮುಂದಕ್ಕೆ ಚಾಚಿ, ನರಳುತ್ತಿದ್ದಾನೆ. ಬೆಂಚು ಕಿಟಕಿಯ ಕಟ್ಟೆಗೆ ಮರೆಯಾಗಿತ್ತು. ಮಾರನೆಯ ದಿನವೂ ನೋಡಿದರು. ಮೂರನೆಯ ದಿನ ಎದುರುಮನೆಯ ದೊಡ್ಡಮಲ್ಲಮ್ಮನವರನ್ನೂ ಕರೆದುಕೊಂಡು ಬಂದು ತೋರಿಸಿದರು.

"ದೀರ್ಘದಂಡ ನಮಸ್ಕಾರ," ಎಂದರು ದೊಡ್ಡಮಲ್ಲಮ್ಮನವರು ಗಲ್ಲ ಬಡಿದುಕೊಂಡು. "ಹರಕೆ ಹೊತ್ತವ್ನೆ ಕನವ್ವ."

ದೇವಸ್ಥಾನದ ಸುತ್ತ ಉದ್ದಕ್ಕೆ ಅಡ್ಡಬೀಳುತ್ತಾ ಹೋಗುವ ಹರಕೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಮಹಾಲಿಂಗ ಕೆರೆ ದಾಟುತ್ತಾನೆ ಎಂಬ ಸುದ್ದಿ ಟೀಚರಿಂದ ಮೊದಲೇ ಹರಡಿತ್ತು. ಕೆರೆಯ ಮೇಲೆ ಅಡ್ಡಬಿದ್ದು ಹೋಗುವ ಹರಕೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ. ಕೇಳಿರಲಿಲ್ಲವಾದ್ದರಿಂದ ಅದು ಇನ್ನೂ ದೊಡ್ಡದೇ ಇರಬೇಕು ಎಂದು ಊರು ತೀರ್ಮಾನಿಸಿತು. ಯಾಕೆ ಹೊತ್ತಿದ್ದು ಎಂಬ ಬಗ್ಗೆ ಮಾತ್ರ ಒಮ್ಮತ ಬರಲಿಲ್ಲ. ಬದನಗುಪ್ಪೆಯಲ್ಲಿ ಕೆಲಸ ಸಿಕ್ಕ ಮಗನಿಗೆ ಹೆಣ್ಣು ಸಿಗಲಿ ಎಂದು ಕೆಲವರು, ಮಹಾಲಿಂಗನ ಪ್ರಮೋಷನ್ನಿಗೆ ಎಂದು ಕೆಲವರು. ಹೆಂಡತಿಗೆ ಹೇಳಲಾರದ ಯಾವುದೋ ತಪ್ಪಿಗೆ ಎಂದು ಮಿಕ್ಕವರು. ಈ ಮೂರನೆಯ ಪಕ್ಷದಲ್ಲೇ ಜನ ಜಾಸ್ತಿ.

ಹರಕೆ ಎಂದ ಮೇಲೆ ಅದಕ್ಕೊಂದು ಕಟ್ಟುನಿಟ್ಟು ಇರುತ್ತದೆ. ನಮ್ಮ ಕಚೇರಿ ಇರುವ ಗುಂಡ್ಲುಪೇಟೆಯಲ್ಲಿ ನಾವು ಇಪ್ಪತ್ತು ವರ್ಷ ಮಸಾಲೆದೋಸೆ ತಿಂದ ಹೋಟೆಲಿನವರು ಮಹಾಲಿಂಗನ ಮುಂದೆ ಒಂದು ಬಾಳೆಹಣ್ಣು ಇಟ್ಟು ಕೈಮುಗಿದರು. "ಸ್ವಾಮಿ, ಸೇವೆ ಮುಗಿಯೋಗಂಟ ನಿಮ್ಗೆ ಈರುಳ್ಳಿ ಹಾಕಿ ನಾನ್ಯಾಕೆ ಪಾಪ ಕಟ್ಕಳ್ಲಿ?" ಎಂದರು. ನನ್ನ ದೋಸೆಯನ್ನು ಮಾತ್ರ ತಂದಿಟ್ಟರು. ಕ್ಷೌರದಂಗಡಿಯವನು ಗಡ್ಡ ಮುಟ್ಟಲು ಒಪ್ಪಲಿಲ್ಲ. ಬಸ್ಸಿನ ಕಂಡಕ್ಟರ್ ಮುಂದಿನ ಸೀಟಿನಿಂದ ಒಬ್ಬ ಬಸುರಿಯನ್ನೇ ಏಳಿಸಿ ಇವನಿಗೆ ಜಾಗ ಮಾಡಿಕೊಡಲು ಹೋದ. ನಮ್ಮ ಸಾಹೇಬರು ಒಂದು ಮಧ್ಯಾಹ್ನ ರೆಕಾರ್ಡು ಕೋಣೆಗೆ ಬಂದು, ಕಡತಗಳ ಮೇಜಿನ ಮೇಲೆ ಬೋರಲು ಬಿದ್ದು ಕೈಚಾಚಿ ಅಭ್ಯಾಸ ಮಾಡುತ್ತಿದ್ದ ಮಹಾಲಿಂಗನನ್ನು ಕಂಡರು. ತಮಗೇ ಅಡ್ಡಬಿದ್ದಿದ್ದಾನೆ ಎಂದುಕೊಂಡು, "ಏಳ್ರಿ, ಏಳ್ರಿ, ನಿಮ್ಮ ಟ್ರಾನ್ಸ್‌ಫರ್ ನಾನು ನಿಲ್ಲಿಸ್ತೀನಿ," ಎಂದರು. ಅವನಿಗೆ ಟ್ರಾನ್ಸ್‌ಫರ್ ಆಗುವ ವಿಷಯ ನಮಗೆ ತಿಳಿದದ್ದೇ ಆಗ.

"ಎಲ್ಲಾರ್ಗೂ ನಿಜ ಹೇಳ್ಬುಡ್ತೀನಿ ಕಣ್ಲಾ," ಎಂದ ಮಹಾಲಿಂಗ ಆ ಸಂಜೆ ಬಸ್ಸಿನಲ್ಲಿ. "ಇದು ಹರಕೆ ಅಲ್ಲ, ಈ ಗಡ್ಡದ ಕಡಿತ ನಂಗೆ ತಡಿಯಾಕಾಗಕಿಲ್ಲ."

ಹೇಳಿಯೂ ಬಿಡುತ್ತಿದ್ದ. ಆದರೆ ಬಸ್ಸಿಳಿದರೆ ಅವನ ಜಗಲಿಯ ಮೇಲೆ ಸಿದ್ದಮಲ್ಲಪ್ಪನವರು ಕೊಡೆ ಊರಿಕೊಂಡು ಕೂತಿದ್ದರು. ಪಕ್ಕದಲ್ಲಿ ಟೀಚರು ಉಸಿರು ಬಿಗಿಹಿಡಿದು ನಿಂತಿದ್ದರು.

"ಮಾಲಿಂಗಪ್ಪೋರೆ, ವಿಷ್ಯ ತಿಳೀತು," ಎಂದರು ಸಿದ್ದಮಲ್ಲಪ್ಪನವರು. "ಟೀಚರಮ್ಮ ಸ್ಕೂಲ್ಗೆ ಅಂತ ಕೇಳುದ್ರು, ನಾನು ಕೊಡ್ನಿಲ್ಲ. ಇದು ದ್ಯಾವ್ರ ಸೇವೆ ಅಂತ ನಂಗೆ ಯಾರು ಹೇಳಿದ್ರು? ನೀವು ಅಡ್ಡಬಿದ್ದಂಗೇ ಆ ದಡ ಮುಟ್ಟಿ. ಸ್ಕೂಲ್ಗೆ ಬೇಕಾದಷ್ಟೂ ಹೆಂಚು ನಂದು. ಆದ್ರೆ ನಡುವೆ ಕಾಲು ನೆಲಕ್ಕೆ ತಾಗುದ್ರೆ ಸೇವೆ ಮುರೀತದೆ. ಸೇವೆ ಮುರುದ್ರೆ ಒಂದ್ ಹೆಂಚೂ ಇಲ್ಲ. ಅದು ನನ್ ಮಾತಲ್ಲ, ಶಾಸ್ತ್ರ."

ಮಹಾಲಿಂಗ ಬಾಯಿ ತೆರೆದ. ಟೀಚರು ಅವನನ್ನು ನೋಡಿದರು. ಆ ನೋಟದಲ್ಲಿ ಇಪ್ಪತ್ತಮೂರು ಮಕ್ಕಳು ಚಾಪೆ ಸುತ್ತಿಕೊಂಡು ನಿಂತಿದ್ದರು. ಅವನು ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡು, ಗಡ್ಡ ಕೆರೆದುಕೊಂಡ.

ಮೇ ಎರಡನೆಯ ವಾರ, ನಾವು ಮರೆತೇಬಿಟ್ಟಿದ್ದ ಅನುಮತಿ ಪತ್ರ ಮೂರು ಮೊಹರು ಹೊತ್ತು ಬಂತು. ಎಂಬತ್ತೆರಡು ಕೆಜಿ ತೂಕದ ಜೇಡಿಮಣ್ಣಿನ ಒಂದು ವಿಗ್ರಹವನ್ನು ಕೆರೆಯಲ್ಲಿ ವಿಸರ್ಜಿಸಲು ಅಡ್ಡಿ ಇಲ್ಲ, ವಿಸರ್ಜಿಸಿದ ಮೇಲೆ ವಿಗ್ರಹವನ್ನು ಮರಳಿ ಮೇಲೆತ್ತತಕ್ಕದ್ದಲ್ಲ, ಎಂದಿತ್ತು. ಈ ಎರಡನೆಯ ಷರತ್ತನ್ನು ಮಹಾಲಿಂಗ ಎರಡು ಸಲ ಓದಿದ.

ಇನ್ನು ಹಲಗೆ. ನಮ್ಮ ಕೆರೆಯಲ್ಲಿ ಮೀನು ಹಿಡಿಯುವ ಪುಟ್ಟಮಾದುವೇ ಅದನ್ನು ಸಿದ್ಧ ಮಾಡಿದ. ಶಾಲೆಯ ಸೂರು ಹಾರಿದ ದಿನ ಗೋಡೆಯಿಂದ ಬಿದ್ದ ಕಪ್ಪುಹಲಗೆ ಇತ್ತು, ಹಳೇ ಕಾಲದ ತೇಗದ್ದು, ಆಳುದ್ದ. ಅದನ್ನು ನೀರಿಗೆ ಬಿಟ್ಟು ಪುಟ್ಟಮಾದು ತಲೆ ಓರೆ ಮಾಡಿ ನೋಡಿದ.

"ಹಲಗೆ ತೇಲ್ತದೆ ಬುದ್ದಿ. ನೀವ್ ಹತ್ತಿದ್ ಮ್ಯಾಕೆ ಯಾವ್ದು ತೇಲ್ತದೆ, ಯಾವ್ದು ಮುಳುಗ್ತದೆ ಅಂತ ನಾ ಹೇಳಕಾಗಕಿಲ್ಲ."

ಅದಕ್ಕೇ ಅವನು ಹಲಗೆಯ ಅಡಿಗೆ ಬಾಳೆದಿಂಡು ಕಟ್ಟಿದ. ಬಾಳೆದಿಂಡು ಕಂಡದ್ದೇ ಹೆಂಗಸರು ಮಾವಿನ ತೋರಣ ಕಟ್ಟಿದರು. ಹಲಗೆಯ ತಲೆಯ ಕಡೆ ಬಿಳಿ ಬಣ್ಣದಲ್ಲಿ ಖಾಯಂ ಬರೆದಿದ್ದ "ಹಾಜರು", "ಗೈರುಹಾಜರು" ಎಂಬ ಪದಗಳ ಮೇಲೆ ಅರಿಶಿನ ಕುಂಕುಮ ಬಿತ್ತು.

ಗೊತ್ತುಮಾಡಿದ ಭಾನುವಾರ ಬೆಳಗ್ಗೆ ನಾನು ಅವನನ್ನು ಕರೆಯಲು ಹೋದಾಗ ಮಹಾಲಿಂಗ ಹಳದಿ ಪಂಚೆ ಉಟ್ಟು ಬೆಂಚಿನ ಮೇಲೆ ಕೂತಿದ್ದ. ಗುರುಮಲ್ಲಮ್ಮ ರಾಗಿ ಅಂಬಲಿಯ ಚೊಂಬು ಅವನ ಕೈಗೆ ಕೊಡುತ್ತಿದ್ದರು.

"ಗುರುಮಲ್ಲಿ," ಎಂದ ಅವನು, ಚೊಂಬಿನೊಳಗೆ ನೋಡುತ್ತಾ. "ಆ ಫೋಟೋ ಅದೆಯಲ್ಲ. ಅದು..."

"ಗೊತ್ತು, ಕುಡೀರಿ."

"ಏನ್ ಗೊತ್ತು?"

"ಅದ್ರಲ್ಲಿ ನಿಮ್ ಜೇಬಲ್ಲಿ ಪೆನ್ ಅದೆ. ತಲೆ ಬಾಚಿದ್ದು ಬಾಚ್ದಂಗೇ ಅದೆ. ಸಮುದ್ರಕ್ಕೆ ಬೀಳೋರು ಜೇಬಲ್ಲಿ ಪೆನ್ ಇಟ್ಕಂಡು ಹೋದಾರಾ?" ಎಂದವರು ನನ್ನ ಕಡೆ ತಿರುಗಿದರು. "ತೆಗ್ದೋರು ಒಬ್ರು, ತೆಗುಸ್ಕಂಡೋರು ಒಬ್ರು."

ನಾನು ಕ್ಯಾಲೆಂಡರಿನಲ್ಲಿ ತಾರೀಖು ನೋಡತೊಡಗಿದೆ. ಮಹಾಲಿಂಗ ಚೊಂಬಿನಿಂದ ಬಾಯಿ ತೆಗೆದ. "ಹನ್ನೆರಡ್ ವರ್ಷ ಯಾಕೆ ಹೇಳ್ನಿಲ್ಲ ನೀನು?"

"ಅದನ್ನ ನೋಡ್ದಾಗೆಲ್ಲ ನೀವು ಒಂದಿಷ್ಟು ಎದೆ ಸೆಟಸ್ಕಂಡು ನಿಂತ್ಕತಿದ್ರಿ. ನಂಗೂ ನೋಡಕೆ ಚೆನ್ನಾಗಿರ್ತಿತ್ತು, ಬುಟ್ಟೆ." ಅವರು ಸೆರಗಿನಿಂದ ಅವನ ಗಡ್ಡಕ್ಕಂಟಿದ ಅಂಬಲಿ ಒರೆಸಿದರು. "ಅದು ಆಯ್ತು. ಇವತ್ತು ಮಾತ್ರ ನಿಜವಾಗ್ಲೂ ದಡ ಮುಟ್ಬುಡಿ. ಆ ಮಕ್ಳು ನೋಡ್ತಾ ಇರ್ತವೆ."

ಕೆರೆ ಏರಿಯ ಮೇಲೆ ಕಾಲಿಡಲು ಜಾಗ ಇರಲಿಲ್ಲ. ವಾದ್ಯದವರು ಬಂದಿದ್ದರು. ಸೌತೆಕಾಯಿ ಮಾರುವವರೂ ಬಂದಿದ್ದರು. ಸಿದ್ದಮಲ್ಲಪ್ಪನವರು ಆಚೆ ದಡದಲ್ಲಿ ಕೊಡೆಯ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ರಾಚಮ್ಮನವರು ಹಳದಿ ಬಟ್ಟೆಯಲ್ಲಿ ಏನೋ ಗಂಟು ಕಟ್ಟಿ ಹಲಗೆಗೆ ಬಿಗಿದು, "ನನ್ ಮಂಡಿನೋವೂ ನಿನ್ ಜೊತೇಲೇ ದಾಟ್ಲಿ ಕನಪ್ಪ," ಎಂದರು. ಎಂಬತ್ತೆರಡು ಕೆಜಿಯ ಜೊತೆಗೆ ರಾಚಮ್ಮನವರ ಮಂಡಿಯೂ ಸೇರಿತು.

ಮಂಗಳಾರತಿಯಾಯಿತು. ಮಹಾಲಿಂಗ ಮೈಮುರಿದು ಹಲಗೆಯ ಮೇಲೆ ಬೋರಲಾದ, ಪುಟ್ಟಮಾದು ತಳ್ಳಿದ, ಹಲಗೆ ಹೊರಟಿತು. ಸುಳ್ಳೇಕೆ ಹೇಳಲಿ, ಮುಳುಗುತ್ತಾನೆ ಎಂದೇ ಅಂದುಕೊಂಡಿದ್ದೆ. ಅವನು ಮುಳುಗಲಿಲ್ಲ. ಎರಡು ತಿಂಗಳು ಬಕೆಟ್ಟಿನಲ್ಲಿ ಎಳೆದ ಕೈ ಅದು. ಎಡ, ಬಲ, ಎಡ, ಬಲ, ಹಲಗೆ ನೀರು ಸೀಳಿಕೊಂಡು ನೆಟ್ಟಗೆ ಹೋಯಿತು. ಹಿಂದೆಯೇ ಹರಿಗೋಲಿನಲ್ಲಿ ಪುಟ್ಟಮಾದು. ನಡುನೀರು ದಾಟುವಾಗ ಮಹಾಲಿಂಗ ಒಮ್ಮೆ ತಲೆ ಎತ್ತಿ ನಮ್ಮ ಕಡೆ ನೋಡಿದ. ಅವನು ನಗುತ್ತಿದ್ದ. ನಾವೆಲ್ಲ ಏರಿಯ ಮೇಲೆ ಓಡಿ ಆಚೆ ದಡಕ್ಕೆ ಹೋದೆವು.

ದಡ ಇನ್ನೂ ಅರವತ್ತು ಮಾರು ಇರುವಾಗ ಹಲಗೆ ನಿಂತಿತು.

ಮಾರ್ಚಿನಲ್ಲಿ ಅರ್ಜಿ ಹಾಕಿದಾಗ ಆ ಜಾಗದಲ್ಲಿ ಎದೆಮಟ್ಟ ನೀರಿತ್ತು. ಅನುಮತಿ ಪತ್ರ ಮೈಸೂರಿಗೂ ಚಾಮರಾಜನಗರಕ್ಕೂ ಓಡಾಡುತ್ತಿದ್ದ ಎರಡು ತಿಂಗಳಲ್ಲಿ ಕೆರೆ ತನ್ನ ಪಾಡಿಗೆ ತಾನು ಬತ್ತುತ್ತಾ ಬಂದಿತ್ತು. ಮಹಾಲಿಂಗ ಕೈ ಚಾಚಿ ಎಳೆದ. ಕೈಗೆ ಬಂದದ್ದು ನೀರಲ್ಲ, ಕೆಸರು. ಹಿಂದಿನಿಂದ ಬಂದ ಹರಿಗೋಲೂ ಸಿಕ್ಕಿಕೊಂಡಿತು. ಪುಟ್ಟಮಾದು ಸಲೀಸಾಗಿ ಕೆಳಗಿಳಿದು ನಿಂತ. ನೀರು ಅವನ ಮೊಣಕಾಲಿಗೂ ಬರಲಿಲ್ಲ.

ಇಡೀ ಊರು ಆ ಮೊಣಕಾಲನ್ನು ನೋಡಿತು. ವಾದ್ಯ ನಿಂತಿತು. ಪಕ್ಕದಲ್ಲಿ ಮಲಗಿದ್ದ ನಾಲ್ಕೈದು ಎಮ್ಮೆಗಳು ಮೆಲುಕು ಹಾಕುವುದನ್ನು ನಿಲ್ಲಿಸಿ ಮಹಾಲಿಂಗನ ಕಡೆ ತಿರುಗಿದವು.

"ಎದ್ ನಡ್ಕಬನ್ನಿ ಬುದ್ದಿ," ಎಂದ ಪುಟ್ಟಮಾದು, ಸಮಾಧಾನವಾಗಿ. "ಇಲ್ಲಿ ಈಜಕೆ ಏನದೆ?"

ಮಹಾಲಿಂಗ ಮೊಣಕೈ ಊರಿ ಮೇಲಕ್ಕೆದ್ದ. ಒಂದು ಕಾಲನ್ನು ಹಲಗೆಯ ಪಕ್ಕಕ್ಕೆ ತಂದ. ಆಗ ದಡದಿಂದ ಮುನ್ನೂರು ಜನ ಒಂದೇ ದನಿಯಲ್ಲಿ ಕೂಗಿದರು:

"ಏಳ್ಬ್ಯಾಡಿ!"

"ಕಾಲು!" ಎಂದು ಸಿದ್ದಮಲ್ಲಪ್ಪನವರು ಕುರ್ಚಿಯಿಂದೆದ್ದು ಕೊಡೆ ಝಳಪಿಸಿದರು. "ಕಾಲು ತಾಗುದ್ರೆ ಹೆಂಚಿಲ್ಲ! ಪುಟ್ಟಮಾದು, ನೀನೂ ಮುಟ್ಬ್ಯಾಡ! ಅವ್ರ ಸೇವೆ, ಅವ್ರೇ ಮಾಡ್ಬೇಕು!"

"ನನ್ ಮಂಡಿ ಕನಪ್ಪೋ!" ಎಂದರು ರಾಚಮ್ಮನವರು.

ಕಾಲು ಗಾಳಿಯಲ್ಲಿ ನಿಂತಿತ್ತು. ಒಂದು ಗೇಣು ಕೆಳಗಿಟ್ಟರೆ ಸಾಕು, ಈ ಗಡ್ಡ, ಈ ಹಳದಿ ಪಂಚೆ, ಈ ಕೆಸರು ಎಲ್ಲ ಮುಗಿದು ಸಂಜೆಯೇ ಮಸಾಲೆದೋಸೆ ತಿನ್ನಬಹುದಿತ್ತು. ನಾನಾಗಿದ್ದರೆ ಇಟ್ಟುಬಿಡುತ್ತಿದ್ದೆ, ಹೇಳಿಬಿಡುತ್ತೇನೆ. ದಡದಲ್ಲಿ ಟೀಚರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದರು, ಅವರ ಸುತ್ತ ಮಕ್ಕಳು ಕದಲದೆ ನಿಂತಿದ್ದವು. ಗುರುಮಲ್ಲಮ್ಮ ನೀರಿನ ಅಂಚಿನವರೆಗೆ ಬಂದು ಕೂತುಕೊಂಡರು.

ಮಹಾಲಿಂಗ ಕಾಲನ್ನು ಮೇಲಕ್ಕೆಳೆದುಕೊಂಡ. ಬೋರಲಾದ. ಎರಡೂ ಕೈಯನ್ನು ಮೊಣಕೈವರೆಗೆ ಕೆಸರಿಗೆ ಇಳಿಸಿ, ಅಲ್ಲಿ ಏನು ಸಿಕ್ಕಿತೋ ಅದನ್ನು ಹಿಡಿದು, ಎಳೆದ. ಹಲಗೆ ಒಂದು ಅಂಗುಲ ಜಾರಿತು.

ಆ ಅರವತ್ತು ಮಾರಿಗೆ ಒಂದು ಗಂಟೆ ಇಪ್ಪತ್ತು ನಿಮಿಷ ಹಿಡಿಯಿತು. ಬಾಳೆದಿಂಡು ಒಂದೊಂದೇ ಕಳಚಿಕೊಂಡವು. ತೋರಣ ಒಂದು ಎಮ್ಮೆಯ ಬಾಯಿಗೆ ಹೋಯಿತು. ಕೆಸರು ಅವನ ಎದೆಗೆ, ಕತ್ತಿಗೆ, ಗಡ್ಡಕ್ಕೆ, ಕಿವಿಗೆ ಏರಿ, ಬಿಸಿಲಿಗೆ ಒಣಗಿ, ಮತ್ತೆ ಏರಿತು. ಪುಟ್ಟಮಾದು ಪಕ್ಕದಲ್ಲೇ ನಡೆದು ಬರುತ್ತಾ, ಮುಟ್ಟಬಾರದೆಂದು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು, "ಇನ್ನೊಂದ್ ಎಳೀರಿ ಬುದ್ದಿ, ಇನ್ನೊಂದು," ಎನ್ನುತ್ತಿದ್ದ. ಮಕ್ಕಳು ಒಂದೊಂದು ಎಳೆತವನ್ನೂ ಗಟ್ಟಿಯಾಗಿ ಎಣಿಸುತ್ತಿದ್ದವು. ನೂರಾದ ಮೇಲೆ ಚಿಕ್ಕವಕ್ಕೆ ಎಣಿಕೆ ಬರದೆ ಮತ್ತೆ ಒಂದರಿಂದ ಶುರು ಮಾಡಿದವು.

ಹಲಗೆಯ ತುದಿ ದಡದ ಕಲ್ಲಿಗೆ ಟಕ್ ಎಂದು ತಾಗಿತು. ಮಹಾಲಿಂಗ ತಲೆ ಎತ್ತಿದ. ಅದು ಯಾರ ತಲೆ ಎಂದು ಹೇಳುವಂತಿರಲಿಲ್ಲ. ಕಣ್ಣು ಎರಡು ಬಿಟ್ಟರೆ ಉಳಿದದ್ದೆಲ್ಲ ಜೇಡಿಮಣ್ಣು. ಅನುಮತಿ ಪತ್ರದಲ್ಲಿ ಬರೆದದ್ದೇನೂ ಸುಳ್ಳಲ್ಲ ಎಂದು ಆಗ ನನಗೆ ಸಮಾಧಾನವಾಯಿತು. ಸಿದ್ದಮಲ್ಲಪ್ಪನವರು ಕೊಡೆ ಎಸೆದು ಓಡಿ ಬಂದು, ಇಸ್ತ್ರಿ ಮಾಡಿದ ಬಿಳಿ ಬಟ್ಟೆಯಲ್ಲೇ ಅವನ ಮುಂದೆ ಉದ್ದಕ್ಕೆ ಕೆಸರಿಗೆ ಅಡ್ಡಬಿದ್ದರು. ಅವರನ್ನು ನೋಡಿ ಮಿಕ್ಕವರೂ ಬಿದ್ದರು. ಗುಂಡ್ಲುಪೇಟೆ ಸ್ಟುಡಿಯೋದವನು ಒಂದು ಫೋಟೋ ಹೊಡೆದು, ಕ್ಯಾಮೆರಾ ಕತ್ತಿಗೆ ನೇತುಹಾಕಿಕೊಂಡು ತಾನೂ ಬಿದ್ದ.

ಮೇ ಮೂವತ್ತಕ್ಕೆ ಹೆಂಚು ಹೊದಿಸಿ ಆಯಿತು. ಅವತ್ತು ಮಹಾಲಿಂಗ ಗಡ್ಡ ಬೋಳಿಸಿಕೊಂಡು, ಇನ್ನು ತಡೆಯಲಾರೆ ಎಂದು ಸಿದ್ದಮಲ್ಲಪ್ಪನವರ ಮುಂದೆ ನಿಂತು, ಇದು ಹರಕೆಯೇ ಆಗಿರಲಿಲ್ಲ, ಸುಮ್ಮನೆ ಜಂಬಕ್ಕೆ ಒಪ್ಪಿಕೊಂಡದ್ದು, ಶಾಲೆಗಾಗಿ ಸುಮ್ಮನಿದ್ದೆ, ಬೇಕಾದರೆ ಹೆಂಚು ಇಳಿಸಿಕೊಂಡು ಹೋಗಿ ಎಂದು ಎಲ್ಲವನ್ನೂ ಹೇಳಿಬಿಟ್ಟ. ನಾನು ಪಕ್ಕದಲ್ಲಿ ನಿಂತು ಸೂರಿನ ಹೆಂಚು ಎಣಿಸುತ್ತಿದ್ದೆ. ಸಿದ್ದಮಲ್ಲಪ್ಪನವರು ಮೀಸೆ ನೀವಿಕೊಂಡು ಪೂರ್ತಿ ಕೇಳಿದರು.

"ಆಯ್ತು ಬುಡಿ," ಎಂದರು ಆಮೇಲೆ. "ಯಾಕೆ ಹೊತ್ರಿ ಅಂತ ಹೇಳ್ಬಾರ್ದು ಅಂತಿದ್ರೆ ಹೇಳ್ಬ್ಯಾಡಿ. ನಾನು ಕೇಳಕಿಲ್ಲ. ಹರಕೆ ಇಲ್ದೆ ಬುದ್ದಿ ನೆಟ್ಟಗಿರೋ ಯಾವ್ ಮನ್ಸ ಮೊಣಕಾಲುದ್ದ ನೀರಲ್ಲಿ ಒಂದೂವರೆ ಗಂಟೆ ಹೊಟ್ಟೆ ಎಳ್ಕಂಡು ಬಂದಾನು?"

ರಾಚಮ್ಮನವರ ಮಂಡಿ ವಾಸಿಯಾಗಿತ್ತು, ಅಥವಾ ವಾಸಿಯಾಗಿದೆ ಎಂದು ಅವರು ಊರೆಲ್ಲ ನಡೆದು ನಡೆದು ಹೇಳುತ್ತಿದ್ದರು.

ಕೋವಳಂನ ಫೋಟೋವನ್ನು ಗುರುಮಲ್ಲಮ್ಮ ಒರೆಸಿ ಟ್ರಂಕಿನಲ್ಲಿಟ್ಟರು. ಅದೇ ಮೊಳೆಗೆ ಕೆರೆಯ ಫೋಟೋ ಬಂತು. ಕಪ್ಪುಹಲಗೆಯ ಮೇಲೆ ಒಂದು ಮಣ್ಣಿನ ಮುದ್ದೆ, ಅದರ ಗಲ್ಲದ ಕೆಳಗೆ ಬಿಳಿ ಅಕ್ಷರದಲ್ಲಿ "ಹಾಜರು". ಇನ್ನೊಂದು ಪದ ಕೆಸರಿನಲ್ಲಿ ಮುಚ್ಚಿಹೋಗಿದೆ. ವಿಚಿತ್ರ ನೋಡಿ, ಆ ಸುಳ್ಳು ಫೋಟೋವನ್ನು ನಂಬಿದ ಜನ ಈ ಫೋಟೋದ ಹಿಂದಿನ ನಿಜವನ್ನು ಮಾತ್ರ ನಂಬುವುದಿಲ್ಲ. ಮಹಾಲಿಂಗನೂ ಈಗ ದೂರ ನೋಡಿ ಮಾತಾಡುವುದಿಲ್ಲ. ಯಾರಾದರೂ ಕೇಳಿದರೆ, "ನೀರೇನ್ ಅಷ್ಟ್ ಇರ್ನಿಲ್ಲ ಕಣಪ್ಪ," ಎಂದು ಸುಮ್ಮನಾಗುತ್ತಾನೆ. ಎಂಥ ವಿನಯ ಎಂದು ಬಂದವರು ತಲೆದೂಗುತ್ತಾರೆ.

ಕಳೆದ ವಾರ ಮಗನಿಗೆ ಹೆಣ್ಣು ಕೊಡುವವರು ಬಂದಿದ್ದರು. ನಾನೂ ಇದ್ದೆ, ಕಡಲೆಪುರಿಯೂ ಇತ್ತು. ಹುಡುಗಿಯ ಅಜ್ಜಿ ಕನ್ನಡಕ ಸರಿಮಾಡಿಕೊಂಡು ಫೋಟೋದ ಹತ್ತಿರ ಹೋಗಿ ನಿಂತರು.

"ಇದ್ಯಾರವ್ವ?"

"ನಮ್ ಯಜಮಾನ್ರು," ಎಂದರು ಗುರುಮಲ್ಲಮ್ಮ.

ಅಜ್ಜಿ ಇನ್ನೂ ಬಗ್ಗಿ ನೋಡಿದರು. "ಮಖವೇ ಕಾಣಕಿಲ್ವಲ್ಲ!"

ಗುರುಮಲ್ಲಮ್ಮ ಕಾಫಿಯ ತಟ್ಟೆ ಕೆಳಗಿಟ್ಟು, ಸೆರಗಿನ ತುದಿಯಿಂದ ಫೋಟೋದ ಗಾಜನ್ನು ಒಮ್ಮೆ ಒರೆಸಿದರು.

"ನಂಗ್ ಕಾಣ್ತದೆ," ಎಂದರು.